ನೂರರಲ್ಲಿ ಒಬ್ಬರಿಗೂ ಇಲ್ಲದ ಕಾಯಿಲೆಯನ್ನು ಎಣಿಸುವುದು: ಹೆಪಟೈಟಿಸ್ ಸಮೀಕ್ಷೆಯ ನನ್ನ ಅನುಭವ

ದೇಶದಲ್ಲಿ ಲಿವರಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಎಷ್ಟು ಜನರಿಗಿದೆ ಅಂತ ಕೇಳಿದರೆ ಮೊದಲೆಲ್ಲ ಶೇ. 2ರಿಂದ 4 ಅಂತ ಬರೆದುಬಿಡುವುದು ರೂಢಿ. ಆಧಾರ? ರಕ್ತನಿಧಿಗಳ ದಾಖಲೆ, ಗರ್ಭಿಣಿಯರ ತಪಾಸಣೆ, ಆಸ್ಪತ್ರೆಗೆ ಬಂದವರ ಪಟ್ಟಿ. ರಕ್ತ ಕೊಡುವವರು ಹೆಚ್ಚಾಗಿ ಆರೋಗ್ಯವಂತ ಗಂಡಸರು, ಆಸ್ಪತ್ರೆಗೆ ಬರುವವರು ಕಾಯಿಲೆಯವರು. ಇವರನ್ನು ಕೂಡಿಸಿ ಭಾಗಿಸಿದರೆ ದೇಶ ಸಿಗುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನ (2015–16) ರಕ್ತದ ಮಾದರಿಗಳನ್ನು ಬಳಸಿ ಮಾಡಿದ ಲೆಕ್ಕದಲ್ಲಿ ಬಿ ವೈರಸ್ಸಿನ ಆಂಟಿಜೆನ್ (ರಕ್ತದಲ್ಲಿ ಸಿಗುವ ವೈರಸ್ಸಿನದ್ದೇ ಪ್ರೋಟೀನು) ಶೇ. 0.95, ಸಿ ವೈರಸ್ಸಿನ ಪ್ರತಿಕಾಯ (ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು) ಶೇ. 0.32 ಅಂತ ಬಂದಾಗ ನಮ್ಮಲ್ಲಿ ಅನೇಕರು ಹುಬ್ಬೇರಿಸಿದರು. ನನಗೇನೂ ಆಶ್ಚರ್ಯವಾಗಲಿಲ್ಲ.

ಇಂಥ ಸಮೀಕ್ಷೆಗಳಲ್ಲಿ ನನ್ನ ಪಾಲಿಗೆ ಬರುವುದು ಅಂಕಿಅಂಶದ ಕೆಲಸ. ಆದರೂ ತಂಡದ ಜೊತೆ ಊರಿಗೆ ಹೋಗಿ ನೋಡದೆ ನಾನು ಲೆಕ್ಕಕ್ಕೆ ಕೂರುವುದಿಲ್ಲ. ಯಾದಗಿರಿ ಕಡೆಯ ಹಳ್ಳಿಗೆ ಹಗಲು ಹೊತ್ತು ಹೋದರೆ ಮನೆಯಲ್ಲಿ ಹೆಂಗಸರು, ಮುದುಕರು, ಮಕ್ಕಳು. ದುಡಿಯುವ ವಯಸ್ಸಿನ ಗಂಡಸರು ಬೆಂಗಳೂರಲ್ಲೋ ಪುಣೆಯಲ್ಲೋ. "ನಮ್ಮನ್ಯಾಗ ಯಾರಿಗೂ ಕಾಮಣಿ ಆಗಿಲ್ರೀ ಸಿಸ್ಟರ್, ರಕ್ತ ಯಾಕ ಬೇಕು?" ಅಂತ ಒಬ್ಬ ಅಜ್ಜಿ ಕೇಳಿದರು. ಕೇಳಿದ್ದು ಸರಿಯೇ. ಬಿ ಮತ್ತು ಸಿ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಲಿವರಿನಲ್ಲಿ ಕೂತಿರುತ್ತವೆ. ಊರಿನವರಿಗೆ ಗೊತ್ತಿರುವ ಕಾಮಾಲೆ ಬಹುಪಾಲು ನೀರಿನಿಂದ ಬರುವ ಎ ಅಥವಾ ಇ. ಹಾಗಾಗಿ "ಕಾಮಾಲೆ ಆಗಿತ್ತಾ?" ಅನ್ನುವ ಪ್ರಶ್ನೆಯಿಂದ ಪ್ರಯೋಜನವಿಲ್ಲ, ಬೆರಳು ಚುಚ್ಚಲೇಬೇಕು.

ಚುಚ್ಚಿದ ರಕ್ತವನ್ನು ದಪ್ಪ ಫಿಲ್ಟರ್ ಕಾಗದದ ಮೇಲಿನ ವೃತ್ತಗಳಿಗೆ ಹನಿಸಿ ಒಣಗಲು ಬಿಡುತ್ತೇವೆ. ವೃತ್ತ ಎರಡೂ ಬದಿಯಲ್ಲಿ ತುಂಬಿರಬೇಕು, ಹನಿಯ ಮೇಲೆ ಹನಿ ಬೀಳಬಾರದು. ಬಯಲುಸೀಮೆಯಲ್ಲಿ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಿಸಿಕೊಂಡೇ ಇರಬೇಕು. ಒಣರಕ್ತದ ಸಂಕಟವೆಂದರೆ ಅದರಲ್ಲಿರುವ ಸೀರಮ್ (ಪರೀಕ್ಷೆಗೆ ಬೇಕಾದ ರಕ್ತದ ತಿಳಿ ದ್ರವ) ತೀರಾ ಕಡಿಮೆ. ಆಂಟಿಜೆನ್ ಕಡಿಮೆ ಇರುವವರು ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು, ಅಂಕಿ ಅಷ್ಟರಮಟ್ಟಿಗೆ ಇಳಿಯುತ್ತದೆ.

ಅಂಕಿಯನ್ನು ಏರಿಸುವ ದೋಷವೂ ಇದೆ. ನನಗೆ ಹೆಚ್ಚು ಭಯ ಅದರದ್ದೇ. ಹತ್ತು ಸಾವಿರ ಜನರಲ್ಲಿ ನಿಜವಾಗಿ ಸೋಂಕಿರುವವರು 50 ಅಂದುಕೊಳ್ಳಿ. ಪರೀಕ್ಷೆಯ ಕಿಟ್ ಸೋಂಕಿರುವವರಲ್ಲಿ ಶೇ. 99ರಷ್ಟನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಶೇ. 99.5ರಷ್ಟನ್ನು ಸರಿಯಾಗಿ ಬಿಡುತ್ತದೆ. ಒಳ್ಳೆಯ ಕಿಟ್ಟೇ. ಆದರೂ ಆ 9,950 ಜನರಲ್ಲಿ ಸುಮಾರು 50 ಮಂದಿ ಸುಮ್ಮಸುಮ್ಮನೆ ಪಾಸಿಟಿವ್ ಆಗುತ್ತಾರೆ. ಶೇ. 0.5 ಇರಬೇಕಾದ್ದು ಶೇ. 1 ಆಯಿತು! ಕಿಟ್ಟಿನ ತಪ್ಪುಗಳನ್ನು ಲೆಕ್ಕ ಹಾಕಿ ಅಂಕಿಯನ್ನು ತಿದ್ದುವ 1978ರ ರೋಗನ್–ಗ್ಲಾಡೆನ್ ಸೂತ್ರ ಹಾಕಿದರೆ ಮತ್ತೆ 0.5ಕ್ಕೆ ಬರುತ್ತದೆ, ನಿಜ. ಆದರೆ ಕಿಟ್ಟಿನ ಆ 99.5 ನಮ್ಮ ಕಾಗದದ ಮೇಲೆ 99.3 ಆಗಿದ್ದು ಅದನ್ನೇ ಹಾಕಿದರೆ, ಕಂಡ ಅದೇ ಶೇ. 1ಕ್ಕೆ ಸೂತ್ರ ಶೇ. 0.3 ಅನ್ನುತ್ತದೆ. ಅದಕ್ಕೇ ಪಾಸಿಟಿವ್ ಬಂದ ಪ್ರತಿಯೊಂದು ಮಾದರಿಯನ್ನೂ ಬೇರೊಂದು ಕಿಟ್ಟಿನಲ್ಲಿ ಮತ್ತೆ ಪರೀಕ್ಷಿಸಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಬಜೆಟ್ ನೋಡಿಕೊಳ್ಳುವವರ ಮುಖ ಸಣ್ಣಗಾಗುತ್ತದೆ, ಆಗಲಿ.

ಸಿ ವಿಷಯದಲ್ಲಿ ಇನ್ನೊಂದು ತೊಡಕು. ಪ್ರತಿಕಾಯ ಇದೆ ಎಂದರೆ ವೈರಸ್ ಎಂದೋ ಬಂದಿತ್ತು ಅಂತಷ್ಟೇ ಅರ್ಥ. ತಾನಾಗಿ ವಾಸಿಯಾದವರಲ್ಲೂ ಮಾತ್ರೆ ತಿಂದು ಗುಣವಾದವರಲ್ಲೂ ಅದು ಉಳಿದಿರುತ್ತದೆ. ಈಗ ಸೋಂಕು ಎಷ್ಟು ಜನರಲ್ಲಿದೆ ಅಂತ ತಿಳಿಯಲು ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯೇ ಬೇಕು. ಮನೆಮನೆ ಸಮೀಕ್ಷೆಗೆ ಸಿಗದವರಲ್ಲೇ, ಅಂದರೆ ಜೈಲಿನಲ್ಲಿರುವವರು, ಸೂಜಿಯಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರು ಇಂಥವರಲ್ಲೇ ಸಿ ಹೆಚ್ಚು. ಅವರನ್ನು ಬೇರೆಯಾಗಿ ಅಳೆದು ಸೇರಿಸದಿದ್ದರೆ ಮಣಿಪುರ, ಮಿಜೋರಾಂ, ಪಂಜಾಬಿನ ಚಿತ್ರವೇ ತಪ್ಪಿಹೋಗುತ್ತದೆ.

ಇನ್ನು ಗುಣಾಕಾರ. ಶೇ. 0.95ನ್ನು 140 ಕೋಟಿಗೆ ಹಾಕಿದರೆ ಬಿ ಇರುವವರು 1.3 ಕೋಟಿ ಚಿಲ್ಲರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಲ್ಲಿ 2022ನೇ ಇಸವಿಗೆ ಭಾರತದ ಲೆಕ್ಕ 2.98 ಕೋಟಿ, ಹೆಚ್ಚುಕಡಿಮೆ ಎರಡರಷ್ಟು. ಮೊದಲನೆಯದು ಕಾಗದದ ಮೇಲಿನ ರಕ್ತದಿಂದ ಬಂದದ್ದು, ಎರಡನೆಯದು ಗಣಿತದ ಮಾಡೆಲ್ ಬಳಸಿದ ಅಂದಾಜು. ಯಾವುದು ಸರಿ ಅಂತ ಪತ್ರಕರ್ತರು ಕೇಳಿದಾಗ ಎರಡನ್ನೂ ಹೇಳಿ, ಸಿಗದ ಗಂಡಸರು ಮತ್ತು ಒಣರಕ್ತದ ಕಾರಣಕ್ಕೆ ಸಮೀಕ್ಷೆಯ ಅಂಕಿಯನ್ನು ಕೆಳಗಿನ ಮಿತಿ ಅಂತ ಹಿಡಿಯಿರಿ ಅನ್ನುತ್ತೇನೆ.

ಈಗ ಮೇಜಿನ ಮೇಲಿರುವುದು ಇದಕ್ಕಿಂತ ಕಷ್ಟದ ಲೆಕ್ಕ. ಐದು ವರ್ಷದೊಳಗಿನ ಮಕ್ಕಳಲ್ಲಿ ಬಿ ಪ್ರಮಾಣ 2030ಕ್ಕೆ ಶೇ. 0.1 ದಾಟಬಾರದು ಎಂಬುದು ಜಾಗತಿಕ ಗುರಿ. ಅದನ್ನು ಶೇ. 0.05ರ ಆಚೀಚೆಯಲ್ಲಿ ಅಳೆಯಲು 15,000ಕ್ಕೂ ಹೆಚ್ಚು ಮಕ್ಕಳು ಬೇಕು, ಊರುಗಳ ಗುಂಪಿನಿಂದ ಆರಿಸುವುದರಿಂದ (ಒಂದೇ ಊರಿನವರು ಒಬ್ಬರನ್ನೊಬ್ಬರು ಹೋಲುತ್ತಾರೆ, ಹೊಸ ಮಾಹಿತಿ ಕಡಿಮೆ) ಒಂದೂವರೆ ಪಟ್ಟು ಮಾಡಿದರೆ 23,000. ಮೇಲಿನ ಕಿಟ್ಟನ್ನೇ ಬಳಸಿದರೆ ಅಷ್ಟು ಮಕ್ಕಳಲ್ಲಿ ಸುಳ್ಳು ಪಾಸಿಟಿವ್ ನೂರು ದಾಟುತ್ತವೆ, ನಿಜವಾದವು ಇಪ್ಪತ್ತಮೂರು.