ಶಾಪ ತಂದುಕೊಂಡೆ, ಆರನೆಯ ಅಂಕ ಬಿಟ್ಟಿದ್ದೆ

ನನ್ನ ಎರಡನೆಯ ಪ್ರೇಮ ಕಾದಂಬರಿಯ ನಾಯಕ ಮಾಡಿದ ತಪ್ಪು ಒಂದೇ ಒಂದು. ಮೈಥಿಲಿ ಒಳಕೋಣೆಯಲ್ಲಿದ್ದಾಗ ಅವಳ ಫೋನ್ ರಿಂಗಾಯಿತು, ಅವಿನಾಶ ಎತ್ತಿದ. ದೂರದ ಊರಿನ ಸಂಶೋಧನಾ ಸಂಸ್ಥೆಯೊಂದು ಅವಳನ್ನು ಸಂದರ್ಶನಕ್ಕೆ ಕರೆದಿತ್ತು, ಇನ್ನು ನಾಲ್ಕೇ ದಿನ ಇತ್ತು. “ತಿಳಿಸ್ತೀನಿ” ಅಂದ. ಆಮೇಲೆ ಕರೆ ಬಂದ ಗುರುತನ್ನೇ ಅಳಿಸಿಬಿಟ್ಟ. ಅವಳು ಹೋದರೆ ಮತ್ತೆ ತನ್ನ ಕಡೆ ತಿರುಗುವುದಿಲ್ಲ ಎಂಬ ಭಯ ಅವನಿಗೆ. ದಿನ ಕಳೆದ ಮೇಲೆ ಸಂಸ್ಥೆಯವರು “ಫೋನ್ ಮಾಡಿ ತಿಳಿಸಿದ್ದೆವಲ್ಲ” ಎಂದಾಗ ಮನೆಯವರೆಲ್ಲ ಬೈದದ್ದು ಮೈಥಿಲಿಯನ್ನು. ಬಂದ ಫೋನ್ ನೋಡಿಕೊಳ್ಳುವಷ್ಟೂ ಜವಾಬ್ದಾರಿ ಇಲ್ಲದವಳು ಎಂದರು. ಮೂರು ವರ್ಷ ಅವಳೂ ತನ್ನ ಬಗ್ಗೆ ಹಾಗೇ ನಂಬಿಕೊಂಡಿದ್ದಳು.

ಇದು 11ನೆಯ ಅಧ್ಯಾಯದಲ್ಲಿ ಬರುತ್ತದೆ. 27ನೆಯದರಲ್ಲಿ ಅವಳು ಅದೇ ಸಂಸ್ಥೆಗೆ ಮತ್ತೆ ಅರ್ಜಿ ಹಾಕುತ್ತಾಳೆ. “ಗಂಡಸೊಬ್ಬರು ಮಾತಾಡಿ, ತಿಳಿಸುವುದಾಗಿ ಹೇಳಿದರು” ಎಂಬ ಹಳೆಯ ಟಿಪ್ಪಣಿ ಆಗ ಅವಳ ಕಣ್ಣಿಗೆ ಬೀಳುತ್ತದೆ. ಮೊದಲ ಕರಡಿನಲ್ಲಿ ಇದಾದ ಮೇಲೆ ಅವನು ಅತ್ತ, ತನ್ನ ಬಾಲ್ಯದ ಕಥೆ ಹೇಳಿದ, ಕ್ಷಮೆ ಕೇಳಿದ. 30ನೆಯ ಅಧ್ಯಾಯಕ್ಕೆ ಮದುವೆ ಆಯಿತು.

ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು ಎಂಟು ಜನರಿಗೆ ಓದಲು ಕೊಟ್ಟೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ. ಎಂಟು ಜನ ಎಂಟು ಕಾದಂಬರಿ ಓದಿದ್ದರು. “ಒಂದು ಫೋನ್ ವಿಷಯ ಹೇಳಲಿಲ್ಲ ಅಂತ ಇಷ್ಟು ಅಳಿಸಬೇಕಿತ್ತಾ ಅವನನ್ನ?” ಎಂದರು ಒಬ್ಬರು. “ಮದುವೆ ಮಾಡಿಸಿದಿರಲ್ಲ, ನಿಮ್ಮ ಮೇಲೇ ಸಿಟ್ಟು ಬಂತು” ಎಂದಳು ಒಬ್ಬ ಹುಡುಗಿ. ದಿನಕ್ಕೊಂದು ಅಧ್ಯಾಯದಂತೆ ರಾತ್ರಿ ಮಲಗುವ ಮುಂಚೆ ಓದುವ ಹಿರಿಯ ಮಹಿಳೆಯೊಬ್ಬರು ಮಾತ್ರ ಮೆತ್ತಗೆ ಹೇಳಿದರು: “ಅವರನ್ನ ಬೇರೆ ಮಾಡಬೇಡಿ. ನಾನು ಓದೋದು ನಿದ್ದೆ ಬರಲಿ ಅಂತ.” ನನ್ನನ್ನು ತುಂಬ ಕಾಡಿದ್ದು ಇನ್ನೊಬ್ಬರ ಮಾತು. ಅಂತ್ಯದ ಬಗ್ಗೆ ಅವರಿಗೆ ತಕರಾರೇ ಇರಲಿಲ್ಲ. “ಚೆನ್ನಾಗಿದೆ, ಆದರೆ ನಂಬಿಕೆ ಬರಲಿಲ್ಲ” ಎಂದಷ್ಟೇ ಬರೆದಿದ್ದರು.

ಆಗ ನಾನು ಮಾಡಿದ್ದು ತಪ್ಪು. ಎಲ್ಲರನ್ನೂ ಸಮಾಧಾನ ಮಾಡಲು ಹೊರಟೆ. ಅವಿನಾಶನನ್ನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿದರೆ ಎಲ್ಲ ಸರಿಹೋದೀತು ಎಂದುಕೊಂಡೆ. ಎರಡನೆಯ ಕರಡಿನಲ್ಲಿ ಅವನು ವಿಷಯ ಮುಚ್ಚಿಡಲಿಲ್ಲ, ಮರೆತ. ಕರೆ ಬಂದ ಅದೇ ಗಂಟೆಯಲ್ಲಿ ಅವನ ತಂದೆಗೆ ಅಪಘಾತವಾಯಿತು, ಆಸ್ಪತ್ರೆಯ ಓಡಾಟದಲ್ಲಿ ಎಲ್ಲ ಮರೆತುಹೋಯಿತು. ಅದನ್ನು ಬೇರೆ ನಾಲ್ಕು ಜನರಿಗೆ ಕೊಟ್ಟೆ. ಸಿಟ್ಟು, ಜಗಳ, ಪ್ರಶ್ನೆ ಒಂದೂ ಬರಲಿಲ್ಲ. ಒಬ್ಬರಿಗಂತೂ ವಾರ ಕಳೆಯುವಷ್ಟರಲ್ಲಿ ನಾಯಕನ ಹೆಸರೇ ನೆನಪಿರಲಿಲ್ಲ.

ಆ ದಿನಗಳಲ್ಲಿ ನಾನು ಕಾಳಿದಾಸನ ಶಾಕುಂತಲ ನಾಟಕವನ್ನು ಮತ್ತೆ ತೆರೆದೆ. ಪ್ರಿಯತಮನ ತಪ್ಪನ್ನು ತೊಳೆದ ಕೆಲಸಕ್ಕೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಮಹಾಭಾರತದ ಆದಿಪರ್ವದಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ಶಕುಂತಲೆಯನ್ನು ತುಂಬಿದ ಸಭೆಯಲ್ಲಿ ಅಲ್ಲಗಳೆಯುತ್ತಾನೆ. ಅಶರೀರವಾಣಿ ಆದ ಮೇಲೆ, ನನಗೆ ಗೊತ್ತಿತ್ತು, ಜನ ಅನುಮಾನಪಟ್ಟಾರು ಎಂದು ಹಾಗೆ ನಡೆದುಕೊಂಡೆ ಎನ್ನುತ್ತಾನೆ. ಕಾಳಿದಾಸ ಇಲ್ಲಿ ದುರ್ವಾಸರ ಶಾಪವನ್ನೂ ಉಂಗುರವನ್ನೂ ತಂದ. ರಾಜನದು ಸುಳ್ಳಾಗದೆ ಮರೆವಾಯಿತು. ನಾನು ತಂದ ಅಪಘಾತವೂ ಇದೇ ಕೆಲಸ ಮಾಡುತ್ತಿತ್ತು. ಹಾಗಿದ್ದರೆ ಅವನದು ಯಾಕೆ ನಿಂತಿತು, ನನ್ನದು ಯಾಕೆ ಕುಸಿಯಿತು?

ಉತ್ತರ ಆರನೆಯ ಅಂಕದಲ್ಲಿತ್ತು. ಉಂಗುರ ಸಿಕ್ಕಿ ನೆನಪು ಮರಳಿದ ಮೇಲೆ ಕಾಳಿದಾಸ ರಾಜನನ್ನು ನೇರ ಶಕುಂತಲೆಯ ಮುಂದೆ ತಂದು ನಿಲ್ಲಿಸುವುದಿಲ್ಲ. ಒಂದು ಇಡೀ ಅಂಕ ಅವನನ್ನು ಬೇಯಿಸುತ್ತಾನೆ. ರಾಜ ವಸಂತೋತ್ಸವವನ್ನು ನಿಲ್ಲಿಸುತ್ತಾನೆ, ಅವಳ ಚಿತ್ರ ಬರೆಯುತ್ತಾನೆ, ಚಿತ್ರದೊಳಗಿನ ದುಂಬಿಯನ್ನು ನಿಜವೆಂದು ಗದರಿಸುತ್ತಾನೆ. ಶಾಪ ಅವನನ್ನು ಬಿಡಿಸಿದರೂ ಅವನು ತನ್ನನ್ನು ಬಿಡಿಸಿಕೊಳ್ಳುವುದಿಲ್ಲ. ಮುಖ್ಯವಾಗಿ, ಆ ಯಾವ ಸಂಕಟವೂ ಅವಳ ಕಣ್ಣೆದುರು ನಡೆಯುವುದಿಲ್ಲ. ಅಪ್ಸರೆಯೊಬ್ಬಳು ಮರೆಯಲ್ಲಿ ನಿಂತು ನೋಡುವುದು ಬೇರೆ ಮಾತು, ಆದರೆ ಅದು ರಾಜನಿಗೆ ಗೊತ್ತಿಲ್ಲ. ಹಾಗಾಗಿ ಏಳನೆಯ ಅಂಕದಲ್ಲಿ ಅವನು ಅವಳ ಕಾಲಿಗೆ ಬಿದ್ದಾಗ ನಮಗೆ ಅನುಮಾನ ಉಳಿಯುವುದಿಲ್ಲ.

ನಾನು ಶಾಪವನ್ನಷ್ಟೇ ತಂದುಕೊಂಡು ಆರನೆಯ ಅಂಕವನ್ನು ಬಿಟ್ಟಿದ್ದೆ. ಮೊದಲ ಕರಡಿನಲ್ಲೂ ಅದು ಇರಲಿಲ್ಲ. ಅಲ್ಲಿ ಅವಿನಾಶ ಅತ್ತದ್ದು ಮೈಥಿಲಿಯ ಎದುರಿಗೆ. ಅವಳು ನೋಡುತ್ತಿದ್ದಾಗ ಅಳುವುದಕ್ಕೂ ಯಾರೂ ಇಲ್ಲದಾಗ ಬೇಯುವುದಕ್ಕೂ ಇರುವ ಅಂತರ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. “ನಂಬಿಕೆ ಬರಲಿಲ್ಲ” ಎಂದವರು ಹೇಳಿದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಉಳಿದ ಏಳು ಜನರ ಟಿಪ್ಪಣಿಗಳನ್ನೂ ಹರಡಿಕೊಂಡು ಕುಳಿತೆ. ಅಂತ್ಯದ ಬಗ್ಗೆ ಬಂದ ದೂರುಗಳಲ್ಲಿ ಹೆಚ್ಚಿನವು ಅಂತ್ಯದವೇ ಆಗಿರಲಿಲ್ಲ. ಅವಿನಾಶ ತೀರಿಸಬೇಕಿದ್ದ ಸಾಲ ಹಾಗೇ ಉಳಿದಿತ್ತು. ಮದುವೆ ಬೇಡ ಎಂದವರಿಗೂ ಮದುವೆ ಬೇಕು ಎಂದವರಿಗೂ ಅದೇ ಚುಚ್ಚಿತ್ತು. ಒಬ್ಬರಿಗೆ ಅದರಿಂದ ಸಿಟ್ಟು ಬಂದಿತ್ತು, ಇನ್ನೊಬ್ಬರು ಅದನ್ನು ನೋಡದೆ ದಾಟಿಕೊಂಡಿದ್ದರು.

ಅಪಘಾತವನ್ನು ಕಿತ್ತುಹಾಕಿದೆ. ತಪ್ಪು ತಪ್ಪಾಗಿಯೇ ಮರಳಿತು. ಇನ್ನು ಸಾಲವನ್ನು ಹೇಗೆ ತೀರಿಸುವುದು? ಮೊದಲು ಹೊಳೆದದ್ದು, ಅವನೇ ಓಡಾಡಿ ಅವಳಿಗೆ ಇನ್ನೊಂದು ಅವಕಾಶ ಕೊಡಿಸುವುದು. ಬರೆದೆ, ಓದಿ ನೋಡಿದೆ, ಅಸಹ್ಯವಾಯಿತು. ಅವಳ ಬದುಕಿನ ಬಾಗಿಲು ಮುಚ್ಚಿದವನೂ ತೆರೆದವನೂ ಅವನೇ ಆಗಿಬಿಡುತ್ತಿದ್ದ. ಕೊನೆಗೆ 11ನೆಯ ಅಧ್ಯಾಯಕ್ಕೆ ಹೋಗಿ, ಅವನು ನಿಜವಾಗಿ ಕಿತ್ತುಕೊಂಡದ್ದು ಏನು ಎಂದು ಸಾಲು ಸಾಲಾಗಿ ಹುಡುಕಿದೆ. ಕೆಲಸ ಹೋಯಿತು, ಸರಿ. ಅದಕ್ಕಿಂತ ಹೆಚ್ಚಾಗಿ ಅವಳ ಹೆಸರು ಹೋಗಿತ್ತು. ಎಲ್ಲರೂ ಅವಳನ್ನು ಬೇಜವಾಬ್ದಾರಿ ಎಂದಾಗ ಅವನು ಅದೇ ಕೋಣೆಯಲ್ಲಿ ಸುಮ್ಮನೆ ನಿಂತಿದ್ದ. ತೀರಿಸಬೇಕಾದ ಜಾಗ ಅದು.

ಆಮೇಲೆ ಬರೆದ ಎರಡು ಅಧ್ಯಾಯಗಳಲ್ಲಿ ಮೈಥಿಲಿ ಇಲ್ಲವೇ ಇಲ್ಲ. ಅವಿನಾಶ ಅವಳ ಅಪ್ಪನ ಹತ್ತಿರ ಹೋಗುತ್ತಾನೆ, ಅಕ್ಕನ ಹತ್ತಿರ, ಅವಳಿಗೆ ಶಿಫಾರಸು ಪತ್ರ ಬರೆದುಕೊಟ್ಟಿದ್ದ ಮೇಷ್ಟರ ಹತ್ತಿರ ಹೋಗುತ್ತಾನೆ. ಪ್ರತಿ ಕಡೆ ಒಂದೇ ಮಾತು: “ಆ ಫೋನ್ ಎತ್ತಿದ್ದು ನಾನು.” ಅಪ್ಪ ಮಾತಾಡುವುದಿಲ್ಲ. ಅಕ್ಕ ಬಾಗಿಲು ಹಾಕಿಕೊಳ್ಳುತ್ತಾಳೆ. ಮೇಷ್ಟರು ಕನ್ನಡಕ ತೆಗೆದು, “ಮೂರು ವರ್ಷದಿಂದ ಆ ಹುಡುಗಿ ನನ್ನನ್ನು ನೋಡಿದರೆ ದಾರಿ ಬದಲಿಸುತ್ತಿದ್ದಳು” ಎನ್ನುತ್ತಾರೆ. ಈ ಸಾಲು ಬರೆದ ದಿನ ನಾನು ಬೇರೇನೂ ಬರೆಯಲಾಗಲಿಲ್ಲ. ಅವನು ಹೀಗೆ ಹೋಗಿ ಬಂದದ್ದನ್ನು ಅವಳಿಗೆ ತಾನಾಗಿ ಹೇಳುವುದಿಲ್ಲ. ಅಕ್ಕನಿಂದ ಅವಳಿಗೆ ಗೊತ್ತಾಗುತ್ತದೆ, ಅದೂ ತಡವಾಗಿ.

ಇಷ್ಟಾದ ಮೇಲೂ ಒಂದು ವಿಷಯ ನನ್ನನ್ನು ಕುಟುಕುತ್ತಿತ್ತು. ಓದುಗರ ಟಿಪ್ಪಣಿಗಳಲ್ಲಿ ಅವಿನಾಶನ ಬಗ್ಗೆ “ಪಾಪ” ಎಂಬ ಪದ ಮತ್ತೆ ಮತ್ತೆ ಬಂದಿತ್ತು. ಒಂದು ಪ್ರಯೋಗ ಮಾಡಿದೆ. 11ನೆಯ ಅಧ್ಯಾಯದಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದೆ, ಫೋನ್ ಎತ್ತಿ ಮುಚ್ಚಿಟ್ಟವಳು ಅವಳಾದಳು. ಕಾದಂಬರಿ ಗೊತ್ತಿಲ್ಲದ ನಾಲ್ವರಿಗೆ ಅದೊಂದೇ ಅಧ್ಯಾಯ ಕೊಟ್ಟೆ. ನಾಲ್ವರೂ ಅವಳನ್ನು ಸ್ವಾರ್ಥಿ ಎಂದರು. ಅವಳ ಬಾಲ್ಯದಲ್ಲಿ ಏನಾಗಿತ್ತು ಎಂದು ಯಾರೂ ಕೇಳಲಿಲ್ಲ. ನಾಲ್ಕು ಜನರಿಂದ ಲೋಕದ ಬಗ್ಗೆ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ನನ್ನ ಬಗ್ಗೆ ಒಂದು ಸಾಬೀತಾಯಿತು. ಅವನಿಗೆ ಎರಡು ಪುಟ ಬಾಲ್ಯ ಕೊಟ್ಟವಳು ನಾನು, ಅವಳಿಗೆ ಒಂದು ಸಾಲೂ ಕೊಟ್ಟಿರಲಿಲ್ಲ. ಓದುಗರು “ಪಾಪ” ಅಂದದ್ದು ನಾನು ಕೈ ಹಿಡಿದು ಅನ್ನಿಸಿದ್ದಕ್ಕೆ. ಆ ಎರಡು ಪುಟಗಳನ್ನು ತೆಗೆದೆ. ಭಯಕ್ಕೆ ಅಷ್ಟು ಸಮರ್ಥನೆ ಬೇಕಿರಲಿಲ್ಲ. ಪ್ರೀತಿಸಿದ ಯಾರಿಗೂ ಕಳೆದುಕೊಳ್ಳುವ ಭಯವನ್ನು ಹೇಳಿಕೊಡಬೇಕಿಲ್ಲ.

ಮೈಥಿಲಿಗೂ ಒಂದು ತಪ್ಪು ಬೇಕಿತ್ತು. ಅಲ್ಲಿಯವರೆಗೆ ಅವಳು ಬರೀ ನೊಂದವಳು. ಈಗ, ಸತ್ಯ ಗೊತ್ತಾದ ಮೇಲೆ ಅವಳು ಆರು ವಾರ ಸುಮ್ಮನಿರುತ್ತಾಳೆ. ನಗುತ್ತಾಳೆ, ಜೊತೆಗೆ ಓಡಾಡುತ್ತಾಳೆ, ಅವನು ತಾನಾಗಿ ಒಪ್ಪಿಕೊಳ್ಳುತ್ತಾನೋ ಎಂದು ದಿನವೂ ಅಳೆಯುತ್ತಾಳೆ. ಅವನು ಮುಚ್ಚಿಟ್ಟ ಹಾಗೆ ಅವಳೂ ಮುಚ್ಚಿಟ್ಟಳು. ಕೆಲವು ಓದುಗರಿಗೆ ಅವಳು ಇದರಿಂದ ಬೇಡವಾದಳು. ನನಗೆ ಮಾತ್ರ ಆ ಆರು ವಾರದಲ್ಲೇ ಅವಳು ಮೊದಲ ಸಲ ಉಸಿರಾಡಿದಳು.

ಅಂತ್ಯದ ವಿಷಯಕ್ಕೆ ಬರುತ್ತೇನೆ. ಪ್ರೇಮ ಕಾದಂಬರಿ ಎಂಬ ಹೆಸರಿನಲ್ಲಿ ಪುಸ್ತಕ ಕೊಟ್ಟ ಮೇಲೆ ಒಂದು ಮಾತು ಕೊಟ್ಟ ಹಾಗೆ. 1980ರಲ್ಲಿ ಶುರುವಾದ ಅಮೆರಿಕದ ರೋಮ್ಯಾನ್ಸ್ ಬರಹಗಾರರ ಸಂಘ ಈ ಪ್ರಕಾರಕ್ಕೆ ಎರಡೇ ಲಕ್ಷಣ ಹೇಳಿದೆ: ಪ್ರೇಮವೇ ಕಥೆಯ ನಡುಗಂಬ ಆಗಿರಬೇಕು, ಅಂತ್ಯ ಮನಸ್ಸಿಗೆ ತೃಪ್ತಿ ಕೊಡುವಂತೆ, ಆಶಾದಾಯಕವಾಗಿ ಇರಬೇಕು. ಇದನ್ನು ಮೊದಲು ಓದಿದಾಗ ಬೇಲಿ ಎನ್ನಿಸಿತ್ತು. ಎರಡನೆಯ ಸಲ ಗಮನಿಸಿದೆ, ಅದರಲ್ಲಿ ಮದುವೆಯ ಮಾತೇ ಇಲ್ಲ. ಇಂಗ್ಲಿಷಿನ ಪ್ರೇಮ ಕಾದಂಬರಿ ಓದುಗರು ‘ಹ್ಯಾಪಿಲಿ ಎವರ್ ಆಫ್ಟರ್’ ಜೊತೆಗೆ ‘ಹ್ಯಾಪಿ ಫಾರ್ ನೌ’ ಎಂಬ ಇನ್ನೊಂದು ಬಗೆಯನ್ನೂ ಇಟ್ಟುಕೊಂಡಿದ್ದಾರೆ. ಕಡೆತನಕದ ಭರವಸೆ ಅದರಲ್ಲಿಲ್ಲ, ಸದ್ಯಕ್ಕೆ ಇಬ್ಬರೂ ಸುಖವಾಗಿದ್ದಾರೆ, ಮುಂದಕ್ಕೆ ದಾರಿ ಇದೆ, ಅಷ್ಟೆ. ಮಲಗುವ ಮುಂಚೆ ಓದುವ ಆ ಹಿರಿಯರನ್ನು ನೆನೆದುಕೊಂಡು ನಾನು ಇದನ್ನೇ ಆರಿಸಿಕೊಂಡೆ. ಸಾಂತ್ವನಕ್ಕಾಗಿ ಓದುವವರನ್ನು ಕೀಳಾಗಿ ಕಾಣುವ ಬರಹಗಾರರನ್ನು ನಾನು ಒಪ್ಪುವುದಿಲ್ಲ. ದಿನವೆಲ್ಲ ದುಡಿದು ಬಂದವರು ಒಂದು ಗಂಟೆ ನಮ್ಮ ಕೈಗೆ ಕೊಡುತ್ತಾರೆ, ಅದು ಸಣ್ಣ ನಂಬಿಕೆಯಲ್ಲ.

ಹಾಗೆಂದು ಆ ನಿರ್ಧಾರ ಸುಲಭವಾಗಿ ಬರಲಿಲ್ಲ. ಅಗಲುವ ಅಂತ್ಯವನ್ನೂ ಪೂರ್ತಿ ಬರೆದೆ. ಏನೂ ಹೇಳದೆ ಬಿಡುವ ಅಂತ್ಯವನ್ನೂ ಬರೆದೆ. ಎರಡನೆಯದನ್ನು ಓದಿದವರು “ನೀವು ತೀರ್ಮಾನ ಮಾಡಲಿಲ್ಲ, ನಮ್ಮ ಮೇಲೆ ಹಾಕಿದಿರಿ” ಎಂದರು, ಅದು ನಿಜವಾಗಿತ್ತು. ಈ ಗೊಂದಲದಲ್ಲಿ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ ನೆನಪು ಧೈರ್ಯ ಕೊಟ್ಟಿತು. 1861ರಲ್ಲಿ ಮುಗಿದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ಗೆ ಅವನು ಮೊದಲು ಬರೆದದ್ದು ನಾಯಕ ನಾಯಕಿ ಬೇರೆಯಾಗುವ ಅಂತ್ಯ. ಸ್ನೇಹಿತ ಬುಲ್ವರ್ ಲಿಟ್ಟನ್ ಹೇಳಿದ್ದಕ್ಕೆ ಅಚ್ಚಿಗೆ ಹೋಗುವ ಮುಂಚೆ ಬದಲಿಸಿದ. ಹಳೆಯದು ಅವನು ತೀರಿಕೊಂಡ ಮೇಲೆ ಬೆಳಕಿಗೆ ಬಂತು, ಯಾವುದು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಷ್ಟು ದೊಡ್ಡವನಿಗೂ ಎಲ್ಲ ಓದುಗರೂ ಒಪ್ಪುವ ಒಂದು ಅಂತ್ಯ ಸಿಗಲಿಲ್ಲ.

ನನ್ನ ಕೊನೆಯ ದೃಶ್ಯ ಹೀಗಿದೆ. ಒಂದು ವರ್ಷ ಕಳೆದಿದೆ. ಮದುವೆಯಾಗಿಲ್ಲ, ಆಗುತ್ತಾರೆಂದು ನಾನು ಹೇಳಿಯೂ ಇಲ್ಲ. ಅವನು ಅವಳನ್ನು ನೋಡಲು ಬಂದಿದ್ದಾನೆ. ಅವಳು ಒಳಗಿದ್ದಾಗ ಮೇಜಿನ ಮೇಲೆ ಅವಳ ಫೋನ್ ರಿಂಗಾಗುತ್ತದೆ. ಅವನು ನೋಡುತ್ತಾನೆ, ಮುಟ್ಟುವುದಿಲ್ಲ. ಎದ್ದು ಬಾಗಿಲ ಬಳಿ ಹೋಗಿ ಗಟ್ಟಿಯಾಗಿ ಕೂಗುತ್ತಾನೆ: “ಮೈಥಿಲೀ, ನಿನಗೆ ಫೋನ್.” ಅವಳು ಒದ್ದೆ ಕೈಯಲ್ಲೇ ಬರುತ್ತಾಳೆ.

ಇನ್ನೊಂದು ಕೆಲಸವನ್ನೂ ಮಾಡಿದೆ, ಅದನ್ನು ಮೊದಲೇ ಮಾಡಬೇಕಿತ್ತು. ಬೆನ್ನುಡಿಯನ್ನು ತಿದ್ದಿದೆ. ಹಳೆಯದರಲ್ಲಿ “ಮಧುರ ಪ್ರೇಮದ ಕಥೆ” ಎಂದಿತ್ತು. ಹೊಸದರ ಮೊದಲ ಸಾಲಿನಲ್ಲೇ ಅವನು ಮುಚ್ಚಿಟ್ಟ ಫೋನಿನ ವಿಷಯ ಇದೆ. ಕುತೂಹಲ ಕೆಡುತ್ತದೆ ಎಂದು ಇಬ್ಬರು ಎಚ್ಚರಿಸಿದರು. ಆದರೆ ಮಧುರ ಎಂದು ನಂಬಿ ಬಂದವರು 11ನೆಯ ಅಧ್ಯಾಯದಲ್ಲಿ ಎಡವಿ ಬೀಳುವುದು ನನಗೆ ಇಷ್ಟವಿರಲಿಲ್ಲ.

ಮೊದಲು ಓದಿದ್ದ ಎಂಟು ಜನರಿಗೂ ಹೊಸ ಹಸ್ತಪ್ರತಿ ಕೊಟ್ಟೆ. ಹಿರಿಯ ಮಹಿಳೆ ಆ ಕೂಗಿನವರೆಗೆ ಓದಿ ಪುಸ್ತಕ ಮಡಿಸಿ ಮಲಗಿದರಂತೆ, ಮದುವೆ ಆಗಲಿಲ್ಲ ಎಂಬುದು ಬೆಳಿಗ್ಗೆ ನೆನಪಾಯಿತಂತೆ. ಸಿಟ್ಟಾಗಿದ್ದ ಹುಡುಗಿಯ ನಿಲುವು ಬದಲಾಗಲಿಲ್ಲ. “ನಾನಾಗಿದ್ದರೆ ಬಿಟ್ಟು ಹೋಗ್ತಿದ್ದೆ” ಎಂದಳು, ಆಮೇಲೆ ಮೇಷ್ಟರ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ಒಬ್ಬರು ಮಾತ್ರ 11ನೆಯ ಅಧ್ಯಾಯದಲ್ಲೇ ನಿಲ್ಲಿಸಿ ಹಸ್ತಪ್ರತಿಯನ್ನು ವಾಪಸ್ ಕೊಟ್ಟರು. ಕರೆಯ ಗುರುತನ್ನು ಅಳಿಸುವ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ, ಪಕ್ಕದಲ್ಲಿ “ಇದರಾಚೆ ಓದಲಾರೆ, ಇದು ನನಗೆ ಆಗಿದೆ” ಎಂದಿತ್ತು. ಮುಂದಿನ ಪುಟಗಳಲ್ಲಿ ಅವನು ಏನೆಲ್ಲ ತೀರಿಸುತ್ತಾನೆ ಎಂದು ಅವರಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಆ ಸಾಲನ್ನು ಬದಲಿಸಲೂ ಇಲ್ಲ. ಪೆನ್ಸಿಲ್ ಗೆರೆ ಇರುವ ಆ ಹಾಳೆ ಈಗಲೂ ನನ್ನ ಬರೆಯುವ ಮೇಜಿನ ಮೇಲಿದೆ.