ಕ್ವಾಯರ್ ಹಾಳೆ ಜೆರಾಕ್ಸ್ ಮಾಡಿಸುವ ಮುನ್ನ: ಅನುಮತಿ ಪಡೆಯುವುದು ಹೇಗೆ?

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಎಷ್ಟೋ ಚರ್ಚುಗಳಲ್ಲಿ ನಡೆಯುವುದು ಇದೇ. ನೋಟೇಶನ್ (ಸ್ವರಲಿಪಿ) ಪುಸ್ತಕ ಒಂದು ಕೊಳ್ಳುತ್ತಾರೆ, ಇಡೀ ಕ್ವಾಯರ್‌ಗೆ, ಅಂದರೆ ಚರ್ಚಿನ ಗಾಯನ ತಂಡಕ್ಕೆ, ಜೆರಾಕ್ಸ್ ಹಂಚುತ್ತಾರೆ. ‘ಆರಾಧನೆಗೆ ತಾನೇ, ಕಾನೂನಿನಲ್ಲೇ ವಿನಾಯಿತಿ ಇದೆ’ ಎನ್ನುತ್ತಾರೆ. ಇದೆ, ನಿಜ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಧಾರ್ಮಿಕ ವಿಧಿಯಲ್ಲಿ ಹಾಡುವುದು ತಪ್ಪಲ್ಲ. ಆದರೆ ಆ ವಿನಾಯಿತಿ ಹಾಡುವುದಕ್ಕೆ ಮಾತ್ರ, ಹಾಳೆ ನಕಲು ಮಾಡುವುದಕ್ಕಲ್ಲ.

ಮೊದಲು, ಯಾವುದು ಯಾರದ್ದು ಎಂದು ನೋಡಿ. ಹಾಡಿನ ಮಾತು, ರಾಗ, ಕನ್ನಡ ಅನುವಾದ, ನಾಲ್ಕು ದನಿಗಳ ಜೋಡಣೆ – ಒಂದೊಂದಕ್ಕೂ ಬೇರೆ ಒಡೆಯರಿರಬಹುದು. ಭಾರತದ ಕಾನೂನಿನಲ್ಲಿ, ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1960ರಲ್ಲಿ ತೀರಿಕೊಂಡಿದ್ದರೆ 2020ರ ಕೊನೆಯವರೆಗೆ. ಬಾಸೆಲ್ ಮಿಷನ್‌ನ ಮೊಗ್ಲಿಂಗ್ (ನಿಧನ 1881), ಕಿಟೆಲ್ (ನಿಧನ 1903) ಬರೆದದ್ದಕ್ಕೆ ಯಾರನ್ನೂ ಕೇಳಬೇಕಿಲ್ಲ. ಅದೇ ಮಾತಿಗೆ ಇವತ್ತಿನ ಸಂಗೀತಗಾರರೊಬ್ಬರು ಹೊಸ ಜೋಡಣೆ ಮಾಡಿದ್ದರೆ ಆ ಜೋಡಣೆಗೆ ಕೇಳಲೇಬೇಕು.

ಎಲ್ಲವೂ ಹಕ್ಕು ಮುಗಿದವಾದರೆ ಧಾರಾಳವಾಗಿ ನಕಲು ಮಾಡಿ. ಕ್ವಾಯರ್ ಹಾಳೆಗಳನ್ನು ಉಚಿತವಾಗಿ ಕೊಡುವ ಸಿಪಿಡಿಎಲ್‌ನಂಥ (ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ) ತಾಣದಲ್ಲಿ ಹುಡುಕಿ, ಪ್ರತಿ ಹಾಳೆಯ ಷರತ್ತನ್ನೂ ಓದಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸ್ಕ್ಯಾನ್ ಪಿಡಿಎಫ್‌ಗಳನ್ನು ಮಾತ್ರ ಮುಟ್ಟಬೇಡಿ. ಅಂಥವುಗಳಲ್ಲಿ ಕಾಪಿರೈಟ್ ಸಾಲನ್ನೇ ಕತ್ತರಿಸಿರುತ್ತಾರೆ, ಟೆನರ್ ಸಾಲು ಅರ್ಧ ಮಾಸಿರುತ್ತದೆ.

ಹಕ್ಕು ಇದ್ದರೆ ಹಾಳೆಯ ಅಡಿಯಲ್ಲಿರುವ ಪ್ರಕಾಶಕರಿಗೆ ಬರೆಯಿರಿ. ವೇದಿಕೆ ಕಾರ್ಯಕ್ರಮಕ್ಕೆ ಐಪಿಆರ್‌ಎಸ್‌ನಿಂದ (ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ಲೈಸೆನ್ಸ್ ಕೊಡುವ ಸಂಸ್ಥೆ) ಪಡೆದ ಲೈಸೆನ್ಸ್ ಜೆರಾಕ್ಸ್‌ಗೆ ನಡೆಯುವುದಿಲ್ಲ.

ಜನ ಎಡವುವುದು ಈ ಪತ್ರದಲ್ಲೇ. ಫೋನಿನಲ್ಲಿ ‘ಆಯ್ತು ಬ್ರದರ್, ಮಾಡ್ಕೊಳ್ಳಿ’ ಎಂದರೆ ಸಾಲದು. ಲೈಸೆನ್ಸ್ ಬರವಣಿಗೆಯಲ್ಲೇ ಇರಬೇಕು ಎನ್ನುತ್ತದೆ 30ನೇ ಸೆಕ್ಷನ್. ಹಾಡಿನ ಹೆಸರು, ಪ್ರತಿಗಳ ಸಂಖ್ಯೆ, ಶುಲ್ಕ ಬರೆಸಿ. ಪರದೆ ಮೇಲೆ ತೋರಿಸುವುದು, ಕನ್ನಡಕ್ಕೆ ಅನುವಾದಿಸುವುದು, ಯೂಟ್ಯೂಬ್‌ಗೆ ಹಾಕುವುದು – ಬೇಕಾದದ್ದನ್ನು ಒಂದೊಂದಾಗಿ ಹೆಸರಿಸಿ. ಸುಮ್ನೆ ‘ಚರ್ಚ್ ಬಳಕೆಗೆ’ ಎಂದು ಬಿಟ್ಟರೆ ನಾಳೆ ಜಗಳಕ್ಕೆ ದಾರಿ. ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಎಂದೇ ಹಿಡಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ದುಬೈ, ಲಂಡನ್‌ನ ಕನ್ನಡ ಸಭೆಗೂ ಹಾಳೆ ಕಳಿಸುವ ಯೋಚನೆ ಇದ್ದರೆ ಆ ದೇಶಗಳ ಹೆಸರು ಪತ್ರದಲ್ಲಿ ಇರಲೇಬೇಕು.

ಹೊರದೇಶದಲ್ಲಿರುವವರು ‘ನಮ್ಮ ಹತ್ತಿರ ಸಿಸಿಎಲ್‌ಐ ಇದೆಯಲ್ಲ’ ಎನ್ನುತ್ತಾರೆ. ಸಿಸಿಎಲ್‌ಐ ಎಂದರೆ ಚರ್ಚುಗಳಿಗೆ ಹಾಡಿನ ಲೈಸೆನ್ಸ್ ಕೊಡುವ ಸಂಸ್ಥೆ. ಅಮೆರಿಕದಲ್ಲಿ ಅದರ ಸಾಮಾನ್ಯ ಚರ್ಚ್ ಲೈಸೆನ್ಸ್ ಮುಖ್ಯವಾಗಿ ಸಾಹಿತ್ಯ ಮುದ್ರಿಸಲು, ಪರದೆಗೆ ಹಾಕಲು. ಕ್ವಾಯರ್‌ನ ನಾಲ್ಕು ದನಿಯ ಹಾಳೆಗಳ ಜೆರಾಕ್ಸ್‌ಗೆ ಅದರಲ್ಲಿ ಅನುಮತಿ ಇಲ್ಲ.

ಪತ್ರ ವ್ಯವಹಾರ ಬೇಡ ಎನಿಸಿದರೆ ಪ್ರಕಾಶಕರಿಂದಲೇ ತಲೆಗೊಂದು ಡಿಜಿಟಲ್ ಪ್ರತಿ ಕೊಳ್ಳಿ. ಚಿಕ್ಕ ಕ್ವಾಯರ್‌ಗೆ ನಾನು ಹೇಳುವುದು ಇದನ್ನೇ. ಹಾಡು ಬರೆದವರಿಗೂ ಅವರ ಪಾಲು ಸೇರಬೇಕು, ಅಲ್ವಾ?

ಅನುಮತಿ ಬಂದ ಮೇಲೆ ಪ್ರತಿ ನಕಲಿನ ಅಡಿಯಲ್ಲೂ ಒಡೆಯರ ಹೆಸರು, ‘ಅನುಮತಿ ಪಡೆದು ಮುದ್ರಿಸಿದೆ’ ಎಂಬ ಸಾಲು ಹಾಕಿ. ಪತ್ರ ಚರ್ಚ್ ಆಫೀಸಿನ ಫೈಲಿನಲ್ಲಿರಲಿ, ಕ್ವಾಯರ್ ಮಾಸ್ಟರ್ ಮೊಬೈಲಿನಲ್ಲಲ್ಲ. ಅವರು ಬದಲಾದಾಗ ಹುಡುಕುವುದು ಕಷ್ಟ.