ಜೋಡಿಸುವ ಮಂಚದ ಸ್ಕ್ರೂಗಳು ಸಡಿಲಾಗದಂತೆ ನೋಡಿಕೊಳ್ಳುವುದು ಹೇಗೆ?

ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು ಮನೆಯಲ್ಲೇ ಜೋಡಣೆಯಾಗುವ ಮಂಚಗಳು ಕಲಬುರಗಿಯ ಬಾಡಿಗೆ ಮನೆಗಳಲ್ಲೂ ಈಗ ಬಳಕೆಯಲ್ಲಿವೆ. ಅವು ಕಿರ್‍ರೆನ್ನಲು ತೊಡಗಿದ ಕೂಡಲೇ ಸ್ಕ್ರೂಗಳನ್ನು ಬಲವಾಗಿ ತಿರುಗಿಸಿಬಿಡುವುದು ರೂಢಿ. ಆದರೆ ಸಡಿಲಾದದ್ದು ಏಕೆಂದು ನೋಡದೆ ಬಿಗಿ ಮಾಡುತ್ತಲೇ ಹೋದರೆ ಹಲಗೆಯೊಳಗಿನ ಹಿಡಿತವೇ ಹಾಳಾಗುತ್ತದೆ.

ಮೊದಲು ನೆಲವನ್ನು ನೋಡಬೇಕು. ಶಹಾಬಾದ್ ಫರಸಿ ಹಾಸಿದ ಹಳೆಯ ಮನೆಗಳಲ್ಲಿ ಒಂದು ಕಲ್ಲು ಮೇಲೆ, ಇನ್ನೊಂದು ತುಸು ಕೆಳಗೆ ಇರುವುದುಂಟು. ಒಂದು ಕಾಲು ನೆಲಕ್ಕೆ ತಾಗದಿದ್ದರೆ, ಮಲಗಿದವರು ಮಗ್ಗುಲು ಬದಲಿಸಿದಾಗಲೆಲ್ಲ ಮಂಚದ ಚೌಕಟ್ಟು ತಿರುಚಿಕೊಂಡು ಬೋಲ್ಟುಗಳನ್ನು ಅಷ್ಟಷ್ಟೇ ಸಡಿಲಿಸುತ್ತದೆ. ಹಾಸಿಗೆ ತೆಗೆದು ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿ, ಎತ್ತರ ಸಾಲದ ಕಾಲಿನ ಕೆಳಗೆ ದಪ್ಪ ರಬ್ಬರಿನ ತುಂಡನ್ನು ಇಡಬೇಕು. ಡಬಲ್ ಮಂಚವಾದರೆ ನಡುಗಾಲು ನೆಲಕ್ಕೆ ಮುಟ್ಟಿದೆಯೇ ಎಂಬುದನ್ನೂ ನೋಡಬೇಕು.

ಇನ್ನು ಹವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಒಣ ಬಿಸಿಲಿಗೆ ಮರ ತೇವ ಕಳೆದುಕೊಂಡು ಕುಗ್ಗುತ್ತದೆ. ಅದೇ ಕೋಣೆಯಲ್ಲಿ ರಾತ್ರಿಯಿಡೀ ನೀರಿನ ಕೂಲರ್ ನಡೆದರೆ ತೇವ ಹೀರಿ ಹಿಗ್ಗುತ್ತದೆ. ಸ್ಕ್ರೂವಿನ ಉಕ್ಕು ತೇವಕ್ಕೆ ಹಿಗ್ಗದು, ಹಾಗಾಗಿ ಅದರ ಸುತ್ತಲಿನ ಮರವೇ ನಲುಗುತ್ತದೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಕೂಲರಿನ ಹನಿ ತಲೆಹಲಗೆಗೆ ಸಿಡಿಯದಂತೆ ಮಂಚವನ್ನು ದೂರವಿಡುವುದು ಎಷ್ಟೋ ಸ್ಕ್ರೂಗಳಿಗಿಂತ ಹೆಚ್ಚು ಉಪಕಾರಿ.

ಬಿಗಿ ಮಾಡುವಾಗ ಒಂದನ್ನೇ ಪೂರ್ತಿ ತಿರುಗಿಸಬಾರದು. ಎಲ್ಲ ಬೋಲ್ಟುಗಳನ್ನೂ ಅರ್ಧ ಸುತ್ತು ಸಡಿಲಿಸಿ, ಚೌಕಟ್ಟು ನೇರವಾಗಿ ಕೂತ ಮೇಲೆ, ಎದುರುಬದುರು ಮೂಲೆಗಳನ್ನು ಹಿಡಿದು ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡುತ್ತ ಬರಬೇಕು. ಪಕ್ಕದ ಪಟ್ಟಿಯ ಬೋಲ್ಟು ಅದರೊಳಗೆ ಅಡ್ಡಲಾಗಿ ಕೂತ ದುಂಡು ನಟ್ಟಿಗೆ ಸೇರುತ್ತದೆ. ಆ ನಟ್ಟಿನ ತಲೆಯ ಮೇಲಿನ ಗೀರು ಬೋಲ್ಟಿನ ನೇರಕ್ಕೇ ಇರಬೇಕು. ಅದು ಓರೆಯಾಗಿದ್ದರೆ ಬೋಲ್ಟಿನ ಎಳೆಗಳು (ಸುರುಳಿ ಗೆರೆಗಳು) ಕಚ್ಚದೆ ಉಜ್ಜಿಹೋಗುತ್ತವೆ. ಕೈಯಿಂದ ತಿರುಗಿಸುವ, ಆರು ಮೂಲೆಯ ತುದಿಯ ಅಲೆನ್ ಕೀ ಸಾಕು, ಡ್ರಿಲ್ ಯಂತ್ರ ಬೇಡ. ಅದರ ರಭಸಕ್ಕೆ ಬೋರ್ಡು ಪುಡಿಯಾಗುತ್ತದೆ.

ಹಲಗೆಯ ಒಳಮೈಯಲ್ಲಿ ಬೆರಳ ತುದಿಯಷ್ಟು ಅಗಲದ ದುಂಡು ಬಿಲ್ಲೆ ಕಂಡರೆ ಅದು ಕ್ಯಾಮ್ ಲಾಕ್, ಎಂದರೆ ಎದುರಿನ ಹಲಗೆಯ ಪಿನ್ನನ್ನು ಹಿಡಿದೆಳೆಯುವ ಬೀಗ. ಅರ್ಧ ಸುತ್ತಿನಷ್ಟು ತಿರುಗಿ ಅದು ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಎದುರಿನ ಹಲಗೆಯ ಪಿನ್ನು ಹೊರಗೆ ಸರಿದಿದೆ ಎಂದರ್ಥ. ಜೋಡಣೆ ಬಿಚ್ಚಿ ಪಿನ್ನನ್ನು ಕೂರಿಸದ ಹೊರತು ಬಿಲ್ಲೆಯನ್ನು ಒತ್ತಾಯಿಸಿ ಫಲವಿಲ್ಲ.

ಕಬ್ಬಿಣಕ್ಕೆ ಕಬ್ಬಿಣ ಕೂಡುವ ಕಡೆ ಸ್ಪ್ರಿಂಗ್ ವಾಷರ್ ಅಥವಾ ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಬಹುದು. ಇವು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಅಳತೆ ತಪ್ಪದಂತೆ ಹಳೆಯ ಬೋಲ್ಟನ್ನೇ ಒಯ್ದು ತೋರಿಸುವುದು ಲೇಸು. ಎಳೆಗೆ ಹಚ್ಚುವ ನೀಲಿ ಅಂಟು, ಥ್ರೆಡ್‌ಲಾಕರ್ ಕೂಡ ಲೋಹಕ್ಕೆ ಮಾತ್ರ, ಮರದ ಸ್ಕ್ರೂಗೆ ಅದು ಹಿಡಿಯುವುದಿಲ್ಲ.

ಸ್ಕ್ರೂ ಎಷ್ಟು ತಿರುಗಿಸಿದರೂ ಕಚ್ಚದಿದ್ದರೆ ತೂತು ಸವೆದಿದೆ. ಅದರ ಪುಡಿಯನ್ನು ಕೊಡವಿ, ಫೆವಿಕಾಲ್ ಸವರಿದ ಬಿದಿರು ಕಡ್ಡಿಗಳನ್ನು ಒತ್ತೊತ್ತಾಗಿ ತುಂಬಿ, ಮೇಲೆ ಉಳಿದದ್ದನ್ನು ಮಟ್ಟಸವಾಗಿ ಕತ್ತರಿಸಬೇಕು. ಒಂದು ದಿನ ಪೂರ್ತಿ ಒಣಗಿದ ಮೇಲೆ ಸ್ಕ್ರೂಗಿಂತ ಸಣ್ಣ ತೂತು ಕೊರೆದು ಅದನ್ನು ಮತ್ತೆ ಕೂರಿಸಬಹುದು. ಇದಕ್ಕೆ ಹಿಡಿಯುವುದು ನಾಲ್ಕು ಕಾಸಿನ ಖರ್ಚು. ಅವಸರ ಮಾಡಿ ಹಸಿ ಅಂಟಿನಲ್ಲೇ ಸ್ಕ್ರೂ ಹಾಕಿದರೆ ಅದೂ ವ್ಯರ್ಥ. ವರ್ಗಾವಣೆಯ ನೌಕರಿಯವರು ಮಾತ್ರ ಹಲಗೆಗಳನ್ನು ಕೂಡಿಸುವ ಮರದ ಗೂಟಗಳಿಗೆ ಅಂಟು ಹಚ್ಚದಿರಲಿ, ಮುಂದೆ ಮಂಚ ಬಿಚ್ಚಲು ಬಾರದು.

ಹೊಸ ಮಂಚವನ್ನು ಎರಡು ಮೂರು ವಾರಕ್ಕೊಮ್ಮೆ ನೋಡಿ, ಆಮೇಲೆ ಬೇಸಿಗೆಯ ನಡುವೆ ಮತ್ತು ಮಳೆಗಾಲ ಕಳೆದ ಮೇಲೆ ಬಿಗಿ ಪರೀಕ್ಷಿಸಿದರೆ ಸಾಕು. ಕೂಲರಿನ ಗಾಳಿಗೆಂದು ಮಂಚವನ್ನು ಎಳೆದಾಡುವುದು ಬೇಡ. ಇಬ್ಬರು ಹಿಡಿದು ಎತ್ತಿ ಇಡಬೇಕು. ಬೋಲ್ಟಿನ ಸುತ್ತ ಹಲಗೆ ಉದ್ದಕ್ಕೆ ಸೀಳಿದ್ದರೆ ಅಂಟಾಗಲಿ ಕಡ್ಡಿಯಾಗಲಿ ಭಾರ ತಡೆಯುವುದಿಲ್ಲ. ಆಗ ಬಡಿಗರನ್ನು ಕರೆಸಿ, ಗಟ್ಟಿಯಿರುವ ಜಾಗದಲ್ಲಿ ಉಕ್ಕಿನ ಎಲ್ ಪಟ್ಟಿ ಹಾಕಿಸಬೇಕು, ಇಲ್ಲವೇ ಸೀಳಿದ ಹಲಗೆಯನ್ನೇ ಬದಲಿಸಬೇಕು.